ಒಂದೂಕಾಲು ಲಕ್ಷದಲ್ಲಿ ಯಕ್ಷಗಾನಕ್ಕೂ ಹಕ್ಕಿಗೂ ಒಂದೇ ಮಿರರ್‌ಲೆಸ್

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯ ಹೈಸ್ಕೂಲ್ ಮೇಷ್ಟ್ರು. ಇಷ್ಟು ದಿನ ಫೋನಿನಲ್ಲೇ ಫೋಟೊ ತೆಗೆಯುತ್ತಿದ್ದೆ. ರಾತ್ರಿ ಯಕ್ಷಗಾನ ಮತ್ತು ಹಕ್ಕಿ, ಈ ಎರಡರ ಫೋಟೊ ಚೆನ್ನಾಗಿ ಬರಬೇಕು. ಆಗೊಮ್ಮೆ ಈಗೊಮ್ಮೆ ವಿಡಿಯೊ. ಬಜೆಟ್ 1.25 ಲಕ್ಷ. ಅಂಗಡಿಯವರು ಹೇಳಿದ ರೇಟು ಹೀಗಿದೆ: ಕ್ಯಾನನ್ ಆರ್50 ಕಿಟ್ ಲೆನ್ಸ್ ಸಮೇತ 68 ಸಾವಿರ, ಕ್ಯಾನನ್ ಆರ್10 ಜೊತೆ 18-150 ಲೆನ್ಸ್ 1.08 ಲಕ್ಷ, ನಿಕಾನ್ ಝೆಡ್50-2 ಎರಡು ಲೆನ್ಸ್ ಸಮೇತ 1.12 ಲಕ್ಷ, ಸೋನಿ ಎ6400 ಕಿಟ್ 80 ಸಾವಿರ. ಮಗ ಮಾತ್ರ ಸೆಕೆಂಡ್ ಹ್ಯಾಂಡ್ ಆದರೂ ಫುಲ್ ಫ್ರೇಮೇ ತಗೋ ಅನ್ನುತ್ತಾನೆ, ನಿಕಾನ್ ಝೆಡ್5 ನೋಡಿದ್ದಾನೆ. ಫೀಚರ್‌ಗಳ ಪಟ್ಟಿ ಮಾಡಿ ಕಳಿಸಿದ್ದೇನೆ. ಕೊಟ್ಟ ದುಡ್ಡಿಗೆ ಯಾವುದರಲ್ಲಿ ಫೀಚರ್ ಜಾಸ್ತಿ? ದೀಪಾವಳಿ ಆಫರ್‌ಗೆ ಕಾಯಬೇಕಾ?

ಉತ್ತರ:

ಮೇಷ್ಟ್ರೇ, ನಿಮ್ಮ ಪಟ್ಟಿ ನೋಡಿದೆ. ಮೆಗಾಪಿಕ್ಸೆಲ್, ಸೆಕೆಂಡಿಗೆ ಎಷ್ಟು ಫೋಟೊ, 4ಕೆ, ಐಎಸ್‌ಒ, ವೈಫೈ, ಟಚ್ ಸ್ಕ್ರೀನ್, ಎಲ್ಲಕ್ಕೂ ಒಂದೊಂದು ಕಾಲಂ ಇದೆ. ಲೆನ್ಸಿಗೆ ಮಾತ್ರ ಇಲ್ಲ. ಆದರೆ ನೀವು ಹೇಳಿದ ಎರಡು ಕೆಲಸಕ್ಕೂ ಬೇಕಾಗಿರುವುದು ಮೊದಲು ಲೆನ್ಸು, ಆಮೇಲೆ ಕ್ಯಾಮೆರಾ. ಕಿರಿಕಿರಿ ಏನೆಂದರೆ, ಎರಡಕ್ಕೂ ಒಂದೇ ಲೆನ್ಸು ಆಗುವುದಿಲ್ಲ. ಹಾಗಾಗಿ ಯಾವ ಬಾಡಿಯಲ್ಲಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾದಲ್ಲಿ) ಫೀಚರ್ ಜಾಸ್ತಿ ಅನ್ನುವುದನ್ನು ಸ್ವಲ್ಪ ಬದಿಗಿಡಿ. ಎರಡು ಲೆನ್ಸಿಗೆ ದುಡ್ಡು ಉಳಿಸಿಕೊಡುವ ಬಾಡಿ ಯಾವುದು ಎಂದು ನೋಡೋಣ.

ಫೋನಿನಲ್ಲಿ ಈಗ ಏನು ಕೆಡುತ್ತಿದೆ? ಯಕ್ಷಗಾನದಲ್ಲಿ ವೇಷ ಗಿರಕಿ ಹೊಡೆಯುವಾಗ ಮಸುಕಾಗುತ್ತದೆ. ಇದು ಬೆಳಕಿನ ತೊಂದರೆ. ಹಕ್ಕಿ ಚುಕ್ಕಿಯ ಹಾಗೆ ಬರುತ್ತದೆ. ಇದು ದೂರದ ತೊಂದರೆ. ಎರಡಕ್ಕೂ ಮದ್ದು ಬೇರೆ ಬೇರೆ.

ಮೊದಲು ಯಕ್ಷಗಾನ. ಕುಣಿಯುವ ವೇಷವನ್ನು ಚೂಪಾಗಿ ಹಿಡಿಯಲು ಶಟರ್ ಸ್ಪೀಡ್ ಸೆಕೆಂಡಿನ 1/500 ಆದರೂ ಬೇಕು. ಆರ್50 ಜೊತೆ ಬರುವ 18-45 ಕಿಟ್ ಲೆನ್ಸನ್ನು ಪೂರ್ತಿ ಝೂಮ್ ಮಾಡಿದರೆ ಅಪರ್ಚರ್ ಎಫ್/6.3. ಅಂದರೆ ಬೆಳಕು ಬರುವ ಕಿಂಡಿ ಸಣ್ಣದು. ಎಫ್ ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಸಣ್ಣ. ರಂಗಸ್ಥಳದ ಲೈಟಿನಲ್ಲಿ ಆ ಕಿಂಡಿಗೆ ಐಎಸ್‌ಒ (ಸಿಕ್ಕ ಬೆಳಕನ್ನು ಕ್ಯಾಮೆರಾ ಹಿಗ್ಗಿಸುವ ಮಟ್ಟ) 12800 ಬೇಕಾಯಿತು ಅಂದುಕೊಳ್ಳಿ. ಫೋಟೊ ತುಂಬ ರವೆರವೆ, ಬಣ್ಣವೂ ಸಪ್ಪೆ. ಅದೇ ಜಾಗದಲ್ಲಿ ಎಫ್/1.8ರ 50 ಎಂಎಂ ಲೆನ್ಸ್ ಹಾಕಿ. ಒಳಗೆ ಬರುವ ಬೆಳಕು ಸುಮಾರು 12 ಪಟ್ಟು ಜಾಸ್ತಿ. ಐಎಸ್‌ಒ 1000ದ ಆಸುಪಾಸಿಗೆ ಇಳಿಯುತ್ತದೆ. ಇವತ್ತಿನ ಯಾವ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾ) ಆದರೂ ಐಎಸ್‌ಒ 1000ದಲ್ಲಿ ಕ್ಲೀನಾಗಿ ತೆಗೆಯುತ್ತದೆ. ಈ ಲೆನ್ಸಿನ ಬೆಲೆ ಅಂದಾಜು 15ರಿಂದ 18 ಸಾವಿರ.

ಈಗ ನಿಮ್ಮ ಮಗನ ಮಾತಿಗೆ ಬರುತ್ತೇನೆ. ಫುಲ್ ಫ್ರೇಮ್ ಸೆನ್ಸರ್, ಅಂದರೆ ಬೆಳಕು ಹಿಡಿಯುವ ಚಿಪ್, 36×24 ಮಿಲಿಮೀಟರ್. ಎಪಿಎಸ್-ಸಿ ಅನ್ನುವುದು ಅದಕ್ಕಿಂತ ಸಣ್ಣ ಸೆನ್ಸರ್, ನಿಮ್ಮ ಪಟ್ಟಿಯ ಉಳಿದ ನಾಲ್ಕರಲ್ಲೂ ಈ ಬಗೆಯದೇ. ಕ್ಯಾನನ್‌ನದು ಸುಮಾರು 22×15. ವಿಸ್ತೀರ್ಣದಲ್ಲಿ ಎರಡೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚು ವ್ಯತ್ಯಾಸ. ಕತ್ತಲಲ್ಲಿ ಅದರ ಲಾಭ ಇದ್ದೇ ಇದೆ, ಹುಡುಗ ಸುಳ್ಳು ಹೇಳುತ್ತಿಲ್ಲ. ಆದರೆ ಲೆಕ್ಕ ನೋಡಿ. ಸೆನ್ಸರ್ ಬದಲಿಸಿದರೆ ಎರಡೂವರೆ ಪಟ್ಟು, ಲೆನ್ಸ್ ಬದಲಿಸಿದರೆ ಹನ್ನೆರಡು ಪಟ್ಟು. ಮೊದಲಿನದಕ್ಕೆ ಹತ್ತಾರು ಸಾವಿರ ಜಾಸ್ತಿ ಕೊಡಬೇಕು, ಎರಡನೆಯದು 15 ಸಾವಿರದಲ್ಲಿ ಮುಗಿಯುತ್ತದೆ. ಝೆಡ್5 2020ರ ಕ್ಯಾಮೆರಾ. ಒಳ್ಳೆಯ ಸೆನ್ಸರ್, ಎರಡು ಕಾರ್ಡ್ ಸ್ಲಾಟ್, ಬಾಡಿಯಲ್ಲೇ ಸ್ಟೆಬಿಲೈಸೇಶನ್ (ಕೈ ನಡುಕ ತಡೆಯುವ ವ್ಯವಸ್ಥೆ). ಬರೀ ಯಕ್ಷಗಾನ, ದೇವಸ್ಥಾನ, ಮನೆಯವರ ಫೋಟೊ ಅಂದಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆನೋ ಏನೋ. ಆದರೆ ಅದು ಸೆಕೆಂಡಿಗೆ 4.5 ಫೋಟೊ ಅಷ್ಟೇ ತೆಗೆಯುತ್ತದೆ, ಹಾರುವ ಹಕ್ಕಿಯನ್ನು ಹಿಂಬಾಲಿಸುವುದರಲ್ಲಿ ನಿಧಾನ. ಇದಕ್ಕಿಂತ ದೊಡ್ಡ ತೊಡಕು ದೂರದ್ದನ್ನು ಹತ್ತಿರ ತರುವ ಟೆಲಿ ಲೆನ್ಸಿನದು. ಎಂಎಂ ಹೆಚ್ಚಾದಷ್ಟೂ ದೂರದ್ದು ಹತ್ತಿರ. ಫುಲ್ ಫ್ರೇಮಿನಲ್ಲಿ ಹಕ್ಕಿಗೆ 500, 600 ಎಂಎಂ ಬೇಕು. ನಿಕಾನ್‌ನ 180-600 ಬೆಲೆ ನಿಮ್ಮ ಇಡೀ ಬಜೆಟ್ಟನ್ನೇ ದಾಟುತ್ತದೆ, ತೂಕ ಎರಡು ಕೆಜಿ ಹತ್ತಿರ.

ಹಕ್ಕಿಯ ವಿಷಯದಲ್ಲಿ ಸಣ್ಣ ಸೆನ್ಸರೇ ನಿಮ್ಮ ಪರ. ಕ್ಯಾನನ್ ಎಪಿಎಸ್-ಸಿಯಲ್ಲಿ ಲೆನ್ಸಿನ ನೋಟ 1.6 ಪಟ್ಟು ಹತ್ತಿರ ಬರುತ್ತದೆ, ನಿಕಾನ್ ಮತ್ತು ಸೋನಿಯಲ್ಲಿ 1.5 ಪಟ್ಟು. ಕ್ಯಾನನ್‌ನ ಆರ್‌ಎಫ್ 100-400 ಲೆನ್ಸನ್ನು ಆರ್50ಕ್ಕೋ ಆರ್10ಕ್ಕೋ ಹಾಕಿದರೆ ಫುಲ್ ಫ್ರೇಮಿನ 640 ಎಂಎಂಗೆ ಸಮ. ತೂಕ 635 ಗ್ರಾಂ. ಕುತ್ತಿಗೆಗೆ ಹಾಕಿಕೊಂಡು ಗುಡ್ಡ ಹತ್ತಬಹುದು. ಬೆಲೆ ಅಂದಾಜು 55ರಿಂದ 60 ಸಾವಿರ. ಇದರ ಕೊರತೆಯನ್ನೂ ಹೇಳಬೇಕು. 400ರಲ್ಲಿ ಇದರ ಅಪರ್ಚರ್ ಎಫ್/8. ಒಳಗೆ ಕನ್ನಡಿ ಇರುವ ಹಳೆಯ ಡಿಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿ ಬಹಳಷ್ಟಕ್ಕೆ ಎಫ್/8ರಲ್ಲಿ ಆಟೊಫೋಕಸ್ಸೇ ಆಗುತ್ತಿರಲಿಲ್ಲ. ಅದಕ್ಕೇ ಇಂಥ ಹಗುರ, ಅಗ್ಗದ ಟೆಲಿ ಆಗ ಇರಲಿಲ್ಲ. ಮಿರರ್‌ಲೆಸ್‌ನಲ್ಲಿ ಸೆನ್ಸರೇ ಫೋಕಸ್ ಮಾಡುವುದರಿಂದ ಇದು ಸಾಧ್ಯವಾಯಿತು. ನನ್ನನ್ನು ಕೇಳಿದರೆ, ಹಕ್ಕಿ ನೋಡುವವರು ಡಿಎಸ್‌ಎಲ್‌ಆರ್ ಬಿಟ್ಟು ಈ ಕಡೆ ಬರಲು ಇಷ್ಟು ಕಾರಣ ಸಾಕು. ಆದರೆ ಎಫ್/8 ಅಂದರೆ ಕಿಂಡಿ ಸಣ್ಣದೇ. ಬಯಲಿನಲ್ಲಿ, ಕೆರೆಯ ಮೇಲೆ ಪರವಾಗಿಲ್ಲ. ದಟ್ಟ ಕಾಡಿನ ನೆರಳಲ್ಲಿ, ಅಡಿಕೆ ತೋಟದೊಳಗೆ ಒದ್ದಾಡುತ್ತದೆ. ಯಕ್ಷಗಾನಕ್ಕಂತೂ ಇದನ್ನು ಒಯ್ಯಲೇಬೇಡಿ.

ನೀವು ಮಾಡಿದ ಪಟ್ಟಿಯ ಫೀಚರ್‌ಗಳಲ್ಲಿ ಯಾವುದಕ್ಕೆ ದುಡ್ಡು ಕೊಡಬಹುದು, ಯಾವುದಕ್ಕೆ ಬೇಡ ಅನ್ನುವುದನ್ನು ಈಗ ನೋಡೋಣ.

ಮೆಗಾಪಿಕ್ಸೆಲ್ ಬಿಟ್ಟುಬಿಡಿ. ನಿಮ್ಮ ಪಟ್ಟಿಯಲ್ಲಿರುವ ಅತಿ ಕಡಿಮೆ ಸಂಖ್ಯೆ ಝೆಡ್50-2ರ 20.9. ಎ3 ಹಾಳೆಗೆ ಒಳ್ಳೆಯ ಪ್ರಿಂಟ್ ಹಾಕಲು ಹದಿನೇಳೂವರೆ ಮೆಗಾಪಿಕ್ಸೆಲ್ ಸಾಕು.

ಸೆಕೆಂಡಿಗೆ 12, 15, 23 ಫೋಟೊ ಅನ್ನುವುದು ಬ್ರೋಷರಿನಲ್ಲಿ ಜೋರಾಗಿ ಕಾಣುತ್ತದೆ. ಅದರ ಹಿಂದೆ ಬಫರ್ ಎಂಬುದೊಂದಿದೆ, ಅದು ತುಂಬಿದ ಮೇಲೆ ಕ್ಯಾಮೆರಾ ತಡವರಿಸುತ್ತದೆ. ಆರ್50ರಲ್ಲಿ ರಾ ಫೈಲ್ (ಕ್ಯಾಮೆರಾ ತಿದ್ದದ ಮೂಲ ಫೈಲ್) ತೆಗೆದರೆ ಒಂದು ಸೆಕೆಂಡು ಹಿಡಿಯುವುದರೊಳಗೆ ಬಹುತೇಕ ತುಂಬಿರುತ್ತದೆ. ಆರ್10 ಇದರಲ್ಲಿ ಮೇಲು. ಆದರೆ ಗೂಡಿನಲ್ಲಿ ಕೂತ ಬೆಳ್ಳಕ್ಕಿಗೆ ಇದೆಲ್ಲ ಯಾಕೆ? ಮಿಂಚುಳ್ಳಿ ನೀರಿಗೆ ಧುಮುಕುವುದನ್ನೇ ಹಿಡಿಯಬೇಕು ಅಂದರೆ ಮಾತ್ರ ಈ ಸಂಖ್ಯೆಗೆ ದುಡ್ಡು ಕೊಡಿ.

4ಕೆ 60 (ಸೆಕೆಂಡಿಗೆ 60 ಚಿತ್ರದ 4ಕೆ ವಿಡಿಯೊ) ವಿಷಯದಲ್ಲಿ ಅಂಗಡಿಯವರು ಪೂರ್ತಿ ಹೇಳುವುದಿಲ್ಲ. ಆರ್10 ಮತ್ತು ಝೆಡ್50-2 ಎರಡರಲ್ಲೂ ಇದೆ, ಆದರೆ ಸೆನ್ಸರಿನ ನಡುವಿನ ಭಾಗವನ್ನಷ್ಟೇ ಬಳಸುತ್ತವೆ. ಚಿತ್ರ ಒಂದೂವರೆ ಪಟ್ಟು ಹತ್ತಿರ ಬಂದುಬಿಡುತ್ತದೆ. ಅಗಲದ ಲೆನ್ಸ್ ಅಗಲವಾಗಿ ಉಳಿಯುವುದಿಲ್ಲ. ಆರ್50ರಲ್ಲಿ 4ಕೆ 30ರವರೆಗೆ ಮಾತ್ರ, ಆದರೆ ಪೂರ್ತಿ ಅಗಲದಲ್ಲಿ. ಹಿಮ್ಮೇಳವನ್ನೂ ಸೇರಿಸಿ ಇಡೀ ರಂಗಸ್ಥಳವನ್ನು ರೆಕಾರ್ಡ್ ಮಾಡುವವರಿಗೆ ಇದೇ ಅನುಕೂಲ. ಸೋನಿ ಎ6400ರಲ್ಲಿ 4ಕೆ 30ರಲ್ಲೂ ಅಂಚು ಸ್ವಲ್ಪ ಕತ್ತರಿಸುತ್ತದೆ. ಜೊತೆಗೆ ಕ್ಯಾಮೆರಾ ಬೇಗ ತಿರುಗಿಸಿದರೆ ಕಂಬಗಳೆಲ್ಲ ಓರೆಯಾಗಿ ಕಾಣುತ್ತವೆ.

ಬಾಡಿ ಸ್ಟೆಬಿಲೈಸೇಶನ್ ಬಗ್ಗೆ ನೀವು ಕೆಂಪು ಗೆರೆ ಎಳೆದಿದ್ದೀರಿ. ನಿಮ್ಮ ಪಟ್ಟಿಯಲ್ಲಿ ಝೆಡ್5 ಒಂದರಲ್ಲಿ ಮಾತ್ರ ಅದಿದೆ. ಎಪಿಎಸ್-ಸಿಯಲ್ಲೇ ಬೇಕೆಂದರೆ ಕ್ಯಾನನ್ ಆರ್7, ಸೋನಿ ಎ6700, ಫ್ಯೂಜಿ ಎಕ್ಸ್-ಎಸ್20 ಕಡೆ ಹೋಗಬೇಕು. ಆಗ ಬಾಡಿಗೇ ಲಕ್ಷ ಮುಗಿದಿರುತ್ತದೆ. ಅದು ನಿಮ್ಮ ಕೈ ನಡುಕವನ್ನು ತಡೆಯುತ್ತದೆಯೇ ಹೊರತು ವೇಷದ ಕುಣಿತವನ್ನು ನಿಲ್ಲಿಸುವುದಿಲ್ಲ. ಇಕ್ಕೇರಿ ದೇವಸ್ಥಾನದ ಒಳಗಿನ ಕೆತ್ತನೆಗೆ ಉಪಯೋಗ ಆದೀತು. ಅಲ್ಲಿ ಒಂದು ಕಂಬಕ್ಕೆ ಒರಗಿ ನಿಂತರೂ ಕೆಲಸ ನಡೆಯುತ್ತದೆ. ಹಕ್ಕಿಗೆ ಬೇಕಾದ ಸ್ಟೆಬಿಲೈಸೇಶನ್ 100-400 ಲೆನ್ಸಿನೊಳಗೇ ಇದೆ. ಕೈಯಲ್ಲಿ ಹಿಡಿದು, ನಡೆಯುತ್ತಾ ವಿಡಿಯೊ ಮಾಡುವವರು ಇದಕ್ಕೆ ದುಡ್ಡು ಹಾಕಲಿ. ನಿಮಗೆ ಬೇಡ.

ದುಡ್ಡು ಕೊಡಬೇಕಾದದ್ದು ಆಟೊಫೋಕಸ್‌ಗೆ. ಕ್ಯಾನನ್ ಆರ್50, ಆರ್10 ಎರಡೂ ಮನುಷ್ಯರ ಕಣ್ಣನ್ನೂ ಹಕ್ಕಿಯನ್ನೂ ಗುರುತಿಸಿ ಹಿಡಿದುಕೊಳ್ಳುತ್ತವೆ. 2024ರ ಕೊನೆಯಲ್ಲಿ ಬಂದ ಝೆಡ್50-2ರಲ್ಲಿ ಹಕ್ಕಿಗೆಂದೇ ಬೇರೆ ಆಯ್ಕೆ ಇದೆ. ಎ6400 2019ರದು. ಮನುಷ್ಯರ ವಿಷಯದಲ್ಲಿ ಇವತ್ತಿಗೂ ಚುರುಕು, ಹಕ್ಕಿಯನ್ನು ಮಾತ್ರ ಹಕ್ಕಿಯೆಂದು ಗುರುತಿಸುವುದಿಲ್ಲ. ಎಲೆಗಳ ನಡುವೆ ಕೂತ ಹಕ್ಕಿಯನ್ನು ಬಿಟ್ಟು ಮುಂದಿನ ಕಡ್ಡಿಗೆ ಫೋಕಸ್ ಮಾಡುವ ಕ್ಯಾಮೆರಾ ಎಷ್ಟು ತಲೆ ತಿನ್ನುತ್ತದೆ ಅಂದರೆ, ಅನುಭವಿಸಿದವರಿಗೇ ಗೊತ್ತು. ಸೋನಿಗೆ ಸಿಗುವಷ್ಟು ಬಗೆಯ ಲೆನ್ಸ್ ಬೇರೆಯವರಿಗಿಲ್ಲ, ಸಿಗ್ಮಾದ ಎಫ್/1.4 ಲೆನ್ಸುಗಳು ಬಹಳ ಚೆನ್ನಾಗಿವೆ. ಹಕ್ಕಿ ಬೇಡ ಅಂದಿದ್ದರೆ ಎ6400 ಪಟ್ಟಿಯಲ್ಲಿ ಉಳಿಯುತ್ತಿತ್ತು.

ಯಕ್ಷಗಾನದಲ್ಲಿ ಒಂದು ಎಚ್ಚರ. ಬಣ್ಣದ ವೇಷದವರ ಮುಖ ತುಂಬ ಚಿಟ್ಟಿ (ಅಕ್ಕಿ ಹಿಟ್ಟಿನ ಉಬ್ಬು ಚುಕ್ಕಿ) ಇಟ್ಟು, ದೊಡ್ಡ ಕಿರೀಟ ಕಟ್ಟಿದಾಗ ಕ್ಯಾಮೆರಾ ಕೆಲವೊಮ್ಮೆ ಅದನ್ನು ಮುಖ ಎಂದು ಒಪ್ಪುವುದೇ ಇಲ್ಲ. ಹಿಂದೆ ಕೂತ ಭಾಗವತರ ಮುಖಕ್ಕೆ ಹೋಗಿ ಕೂರುತ್ತದೆ. ಆಗ ಸಣ್ಣ ಚೌಕದ ಫೋಕಸ್ ಆರಿಸಿಕೊಂಡು ಎದೆಪದಕದ ಮೇಲಿಡಿ. ಎಷ್ಟು ದುಡ್ಡು ಕೊಟ್ಟ ಕ್ಯಾಮೆರಾ ಆದರೂ ಇದನ್ನು ಕಲಿಯಲೇಬೇಕು.

ಇನ್ನೊಂದು, ಸೈಲೆಂಟ್ ಶಟರ್. ಸದ್ದಿಲ್ಲದೆ ತೆಗೆಯುವುದು ಪ್ರೇಕ್ಷಕರ ನಡುವೆ ಕೂತವರಿಗೆ ಇಷ್ಟವಾಗುತ್ತದೆ. ಆದರೆ ಈಗ ರಂಗಸ್ಥಳದಲ್ಲಿ ಎಲ್‌ಇಡಿ ಲೈಟು. ಅವು ನಮ್ಮ ಕಣ್ಣಿಗೆ ಕಾಣದಷ್ಟು ವೇಗವಾಗಿ ಮಿನುಗುತ್ತಿರುತ್ತವೆ. ಸೈಲೆಂಟ್ ಶಟರ್‌ನಲ್ಲಿ ಸೆನ್ಸರ್ ಮೇಲಿಂದ ಕೆಳಕ್ಕೆ ಸಾಲು ಸಾಲಾಗಿ ಓದುವುದರಿಂದ ಫೋಟೊದಲ್ಲಿ ಕಪ್ಪು ಪಟ್ಟೆ ಬೀಳುತ್ತವೆ. ಚೆಂಡೆಯ ಕೋಲು ಬಾಗಿದ ಹಾಗೆ ಬರುವುದೂ ಇದರಿಂದಲೇ. ಸೈಲೆಂಟ್ ಮೋಡ್ ಆಫ್ ಇಡಿ, ಲೈಟಿನ ಮಿನುಗು ತಪ್ಪಿಸುವ ಆಂಟಿ ಫ್ಲಿಕರ್ ಆನ್ ಮಾಡಿ. ಚೆಂಡೆ, ಮದ್ದಲೆಯ ನಡುವೆ ನಿಮ್ಮ ಶಟರ್ ಸದ್ದು ಯಾರಿಗೂ ಕೇಳಿಸುವುದಿಲ್ಲ ಬಿಡಿ.

ವ್ಯೂಫೈಂಡರ್ (ಕಣ್ಣಿಟ್ಟು ನೋಡುವ ಕಿಂಡಿ) ಇಲ್ಲದ ಮಾಡೆಲ್‌ಗಳನ್ನು ಯಾರಾದರೂ ಕಮ್ಮಿ ರೇಟು ಎಂದು ತೋರಿಸಿದರೆ ಬೇಡ ಎನ್ನಿ. ಝೆಡ್30, ಝಡ್‌ವಿ-ಇ10 ಅಂಥವು. ವ್ಲಾಗ್ ಮಾಡುವವರಿಗೆ ಸರಿ. ಬಿಸಿಲಿನಲ್ಲಿ ಟೆಲಿ ಲೆನ್ಸ್ ಹಿಡಿದು ಹಿಂದಿನ ಸ್ಕ್ರೀನಿನಲ್ಲಿ ಹಕ್ಕಿ ಹುಡುಕುವುದು ಆಗದ ಮಾತು.

ಇಷ್ಟೆಲ್ಲ ಜರಡಿ ಹಿಡಿದ ಮೇಲೆ ಉಳಿಯುವುದು ಮೂರು. ಝೆಡ್50-2 ಈ ಮೂರರಲ್ಲಿ ಬಾಡಿಯಾಗಿ ಚೆಂದ. ಹಿಡಿತ ಗಟ್ಟಿ, ವ್ಯೂಫೈಂಡರ್ ಬೆಳಕಾಗಿದೆ, ಎರಡು ಡಯಲ್ ಇವೆ. ಅದರ ಎರಡನೇ ಲೆನ್ಸ್ 50-250 ಹಗುರ, ಚೂಪು. ಅಲ್ಲಿಗೆ ಹಕ್ಕಿಗೆ ಸಿಕ್ಕಿದ್ದು 375 ಎಂಎಂ ನೋಟ. ತೋಟದ ಹಕ್ಕಿಗೆ ಸಾಕು, ನದಿಯಾಚೆಯದಕ್ಕೆ ಸಾಲದು. ಮುಂದಿನ ಟೆಲಿ ಬೇಕೆಂದರೆ ನಿಕಾನ್‌ನಲ್ಲಿ ಲಕ್ಷ ದಾಟುತ್ತದೆ. 1.12 ಲಕ್ಷ ಕೊಟ್ಟ ಮೇಲೆ ಯಕ್ಷಗಾನಕ್ಕೆ ಎಫ್/2 ಲೆನ್ಸ್ ತರಲು ನಿಮ್ಮ ಹತ್ತಿರ 13 ಸಾವಿರ ಉಳಿದಿರುತ್ತದೆ, ಅದಕ್ಕೆ ಸಾಲುವುದಿಲ್ಲ. ಆರ್10 ಜೊತೆಗಿನ 18-150 ಪ್ರವಾಸಕ್ಕೆ ಹೇಳಿ ಮಾಡಿಸಿದ ಲೆನ್ಸ್. ನಿಮ್ಮ ಎರಡೂ ಕೆಲಸಕ್ಕೆ ಅರ್ಧಂಬರ್ಧ.

ನಾನು ಹೇಳುವುದು ಆರ್50. ಮೂರರಲ್ಲಿ ಇದೇ ಸಾಧಾರಣ ಬಾಡಿ. ಪುಟ್ಟದು, ದೊಡ್ಡ ಕೈಯವರಿಗೆ ಕಿರುಬೆರಳು ಹೊರಗೇ ಉಳಿಯುತ್ತದೆ. ಡಯಲ್ ಒಂದೇ, ಫೋಕಸ್ ಪಾಯಿಂಟ್ ಸರಿಸಲು ಜಾಯ್‌ಸ್ಟಿಕ್ ಇಲ್ಲ. ಅಂಗಡಿಯಲ್ಲಿ ಕೈಯಲ್ಲಿ ಹಿಡಿದು ನೋಡಿ. ತೀರಾ ಹಿಡಿಸದಿದ್ದರೆ ಆರ್10ನ್ನು 18-45 ಸಣ್ಣ ಕಿಟ್ ಜೊತೆ ಕೇಳಿ, 15-20 ಸಾವಿರ ಜಾಸ್ತಿ ಆಗಬಹುದು. ಫೋಕಸ್ ಗುರುತಿಸುವ ಬುದ್ಧಿ ಎರಡರಲ್ಲೂ ಹೆಚ್ಚುಕಡಿಮೆ ಒಂದೇ, ಅದೇ ಲೆನ್ಸುಗಳು ಎರಡಕ್ಕೂ ಕೂರುತ್ತವೆ. ನಾಲ್ಕು ವರ್ಷ ಬಿಟ್ಟು ಬಾಡಿ ಬದಲಿಸಿದರೂ ಲೆನ್ಸು ನಿಮ್ಮಲ್ಲೇ ಇರುತ್ತದೆ.

ಎರಡು ಲೆನ್ಸನ್ನೂ ಒಟ್ಟಿಗೇ ಕೊಳ್ಳಬೇಕಿಲ್ಲ. ನಿಮ್ಮ ಎರಡು ಹವ್ಯಾಸಗಳೂ ಬೇರೆ ಬೇರೆ ಕಾಲದವು. ಮೇಳಗಳ ತಿರುಗಾಟ ದೀಪಾವಳಿ ಕಳೆದ ಮೇಲೆ ಶುರುವಾಗಿ ಮೇ ಕೊನೆಯ ಪತ್ತನಾಜೆ (ತುಳುನಾಡಿನಲ್ಲಿ ಆಟಗಳು ನಿಲ್ಲುವ ದಿನ) ಹೊತ್ತಿಗೆ ಮುಗಿಯುತ್ತದೆ. ನಿಮ್ಮ ಪಕ್ಕದ ಮಂಡಗದ್ದೆಯಲ್ಲಿ ತುಂಗೆಯ ನಡುಗಡ್ಡೆಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ ಗೂಡು ಕಟ್ಟುವುದು ಮಳೆಗಾಲದಲ್ಲಿ. ಸೊರಬದ ಗುಡವಿಯೂ ಹಾಗೇ. ಮೊದಲು ಆರ್50 ಕಿಟ್ ಮತ್ತು 50 ಎಂಎಂ ಎಫ್/1.8 ತಗೊಳ್ಳಿ. 84 ಸಾವಿರದ ಹತ್ತಿರ ಆಗುತ್ತದೆ. ಈ ಲೆನ್ಸಿನಲ್ಲಿ ಸುಮಾರು 20 ಅಡಿ ದೂರ ಕೂತು, ಕ್ಯಾಮೆರಾ ಉದ್ದುದ್ದ ಹಿಡಿದರೆ ಕಿರೀಟದಿಂದ ಗೆಜ್ಜೆವರೆಗೆ ಒಂದು ವೇಷ ಪೂರ್ತಿ ಬರುತ್ತದೆ, ಸುತ್ತ ಸ್ವಲ್ಪ ಜಾಗವೂ ಉಳಿಯುತ್ತದೆ. ಅಂದರೆ ಮುಂದಿನ ಸಾಲಿನಲ್ಲಿ ಜಾಗ ಹಿಡಿಯಬೇಕು.

ಟೆಲಿ ಜೂನ್ ತನಕ ಕಾಯಲಿ. ಆ ಹೊತ್ತಿಗೆ 100-400ಕ್ಕೆ ಇನ್ನೊಂದು 25-30 ಸಾವಿರ ಕೂಡಿಸಲು ಆದರೆ ಅದೇ ಸರಿ. ಆಗದಿದ್ದರೆ ಒಂದು ಅಗ್ಗದ ದಾರಿ ಇದೆ. ಕ್ಯಾನನ್ ಡಿಎಸ್‌ಎಲ್‌ಆರ್‌ಗಳ ಕಾಲದ 55-250 ಎಸ್‌ಟಿಎಂ ಲೆನ್ಸ್ ಸೆಕೆಂಡ್ ಹ್ಯಾಂಡ್ ಬೇಕಾದಷ್ಟು ಸಿಗುತ್ತದೆ. ಇಎಫ್‌ನಿಂದ ಆರ್‌ಎಫ್‌ಗೆ ಜೋಡಿಸುವ ಅಡಾಪ್ಟರ್ ಹಾಕಿದರೆ ಆರ್50ರಲ್ಲಿ ಫೋಕಸ್, ಸ್ಟೆಬಿಲೈಸೇಶನ್ ಎಲ್ಲ ನಡೆಯುತ್ತದೆ. 400 ಎಂಎಂಗೆ ಸಮನಾದ ನೋಟ. ಎರಡೂ ಸೇರಿ 25 ಸಾವಿರದೊಳಗೆ ಮುಗಿಸಬಹುದು. ಹಳೆ ಲೆನ್ಸ್ ಕೊಳ್ಳುವಾಗ ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ನೋಡಿ. ಜೇಡರ ಬಲೆಯ ಹಾಗೆ ಎಳೆ ಕಂಡರೆ ಅದು ಬೂಸ್ಟು. ಎಷ್ಟೇ ಕಮ್ಮಿಗೆ ಕೊಟ್ಟರೂ ಬೇಡ.

ಬೂಸ್ಟಿನ ಮಾತು ಬಂತು. ನಿಮ್ಮೂರಿನ ಮಳೆಗಾಲದಲ್ಲಿ ಬಟ್ಟೆ ಬೀರುವಿನೊಳಗೇ ಮುಗ್ಗುತ್ತದೆ, ಲೆನ್ಸ್ ಬಿಟ್ಟೀತೇ? ಕ್ಯಾಮೆರಾ ಬ್ಯಾಗಿನಲ್ಲಿಟ್ಟು ಜಿಪ್ ಎಳೆಯುವುದು ಎಲ್ಲಕ್ಕಿಂತ ಕೆಟ್ಟದ್ದು. ಬ್ಯಾಗಿನ ಸ್ಪಂಜು ತೇವ ಹಿಡಿದಿಟ್ಟುಕೊಳ್ಳುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್, ತೇವ ತೋರಿಸುವ ಸಣ್ಣ ಮೀಟರ್ ತಗೊಳ್ಳಿ. ಮೀಟರ್ 40ರಿಂದ 50ರ ನಡುವೆ ಇರಲಿ. ಆರ್50, ಆರ್10, ಆ 100-400 ಲೆನ್ಸ್ ಯಾವುದಕ್ಕೂ ಮಳೆ ತಡೆಯುವ ಸೀಲಿಂಗ್ ಇಲ್ಲ. ಮಂಡಗದ್ದೆಗೆ ಹೋಗುವಾಗ ರೇನ್ ಕವರ್ ಇರಲಿ.

ಇದಕ್ಕೆಲ್ಲ, ಜೊತೆಗೆ ಇನ್ನೊಂದು ಬ್ಯಾಟರಿ ಮತ್ತು ವಿ30 ಗುರುತಿನ (ವಿಡಿಯೊಗೆ ಸಾಲುವಷ್ಟು ವೇಗದ) ಮೆಮೊರಿ ಕಾರ್ಡಿಗೆ ಸೇರಿ 10 ಸಾವಿರ ಎತ್ತಿಡಿ. ಆರ್50ರ ಬ್ಯಾಟರಿ ಸಣ್ಣದು. ಬೆಳಗಿನ ತನಕ ಆಟ ನೋಡುವವರಿಗೆ ಒಂದು ಬ್ಯಾಟರಿ ಎರಡನೇ ಪ್ರಸಂಗ ಮುಟ್ಟುವುದಿಲ್ಲ. ಕಂಪನಿಯದ್ದೇ ತಗೊಳ್ಳಿ, ನಕಲಿ ತುಂಬಾ ಓಡಾಡುತ್ತಿವೆ.

ಇನ್ನು ಆಫರ್. ದಸರಾ, ದೀಪಾವಳಿ ಹೊತ್ತಿಗೆ ಕಂಪನಿಗಳು ಬೆಲೆ ಇಳಿಸುವುದು ಅಥವಾ ಕ್ಯಾಶ್‌ಬ್ಯಾಕ್ ಕೊಡುವುದು ಸಾಮಾನ್ಯ. ತಿರುಗಾಟ ಶುರುವಾಗುವುದೂ ಅದಾದ ಮೇಲೆಯೇ. ಕಾಯುವುದರಿಂದ ನಿಮಗೆ ನಷ್ಟ ಇಲ್ಲ, ಕಾಯಿರಿ. ಯಾರಾದರೂ ಮಾರುಕಟ್ಟೆಗಿಂತ ಹತ್ತು ಹದಿನೈದು ಸಾವಿರ ಕಮ್ಮಿ ಹೇಳಿದರೆ ಜಿಎಸ್‌ಟಿ ಬಿಲ್ ಕೊಡುತ್ತೀರಾ, ಇಂಡಿಯಾ ವಾರಂಟಿ ಇದೆಯಾ ಎಂದು ಕೇಳಿ. ಹೊರದೇಶದಿಂದ ತಂದ ಪೀಸ್ ಆದರೆ ಇಲ್ಲಿ ವಾರಂಟಿ ಸಿಗುವುದು ಕಷ್ಟ. ಬಿಲ್ಲಿನಲ್ಲಿರುವ ಸೀರಿಯಲ್ ನಂಬರ್, ಡಬ್ಬಿಯ ಮೇಲಿನದು, ಕ್ಯಾಮೆರಾದ ಮೇಲೇ ಇರುವುದು ಮೂರೂ ಒಂದೇನಾ ನೋಡಿಕೊಳ್ಳಿ. ಆಮೇಲೆ ಅವರು ಫ್ರೀ ಎಂದು ಬ್ಯಾಗು, ಅಲುಗಾಡುವ ಟ್ರೈಪಾಡು, 16 ಜಿಬಿ ಕಾರ್ಡು ಮುಂದಿಡುತ್ತಾರೆ. ಅದೆಲ್ಲ ಬೇಡ, ಬದಲಿಗೆ ಬ್ಯಾಟರಿ ರೇಟಿನಲ್ಲಿ ಬಿಡಿ ಎಂದು ಕೇಳಿ. ಒಪ್ಪುವ ಅಂಗಡಿಯವರು ಇದ್ದಾರೆ.